ಬೇಟೆಯ ಅಭಿಜಾತ ಕೃತಿಗಳ ಸ್ವಂತ ಗ್ರಂಥಸಂಗ್ರಹ: ಕನ್ನಡ ಸಂಶೋಧನೆಯ ದೃಷ್ಟಿಯಿಂದ ಕೆಲವು ವಿಚಾರಗಳು

ಬೇಟೆಯ ವಸ್ತು ಕನ್ನಡ ನಾಡಿನ ಬರಹಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯನ್ನು ಸ್ಮರಿಸುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯು ಅರಸನ ವಿನೋದಗಳಲ್ಲೊಂದು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ದೊರೆಯನ್ನು ವಿಶ್ವಾಮಿತ್ರನ ಆಶ್ರಮದತ್ತ ಒಯ್ಯುವುದೇ ಬೇಟೆ. ಆದರೆ ಬೇಟೆಗಾರನೇ ತನ್ನ ಅನುಭವವನ್ನು ದಿನ, ಸ್ಥಳ, ಹೆಜ್ಜೆಗುರುತುಗಳ ವಿವರದೊಡನೆ ನಿರೂಪಿಸುವ ಗದ್ಯಪ್ರಕಾರವು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ವಿಶೇಷವಾಗಿ ಬೆಳೆದು, ಅನುವಾದಗಳ ಮೂಲಕ ಕನ್ನಡದ ಜನಪ್ರಿಯ ಓದಿನ ಭಾಗವಾಯಿತು. ಈ ಪ್ರಕಾರದ ಅಭಿಜಾತ ಕೃತಿಗಳನ್ನು ಕನ್ನಡದ ಅಧ್ಯಾಪಕರು ಮತ್ತು ಸಂಶೋಧಕರು ಏಕೆ ಮತ್ತು ಯಾವ ಕ್ರಮದಲ್ಲಿ ಸಂಗ್ರಹಿಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಸಾರ್ವಜನಿಕ ಗ್ರಂಥಾಲಯವಿರುವಾಗ ಸ್ವಂತ ಸಂಗ್ರಹವೇಕೆಂಬ ಪ್ರಶ್ನೆ ಸಹಜವಾದದ್ದು. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಬೇಟೆಗೆ 799, ಸಸ್ತನಿಗಳಿಗೆ 599, ಭಾರತದ ಪ್ರವಾಸಕ್ಕೆ 915.4, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆಗಳಿವೆ. ಹೀಗಾಗಿ ಒಂದೇ ಪರಂಪರೆಗೆ ಸೇರಿದ ಕೃತಿಗಳು ನಾಲ್ಕು ಕಡೆ ಹಂಚಿಹೋಗುತ್ತವೆ. ಮೂಲ ಕೃತಿ ಕ್ರೀಡೆಯ ಸಾಲಿನಲ್ಲಿದ್ದರೆ ಅದರ ಕನ್ನಡ ರೂಪ ಸಾಹಿತ್ಯದ ಸಾಲಿನಲ್ಲಿರಬಹುದು. ಅವೆರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಓದುವ ಅವಕಾಶವನ್ನು ಸ್ವಂತ ಸಂಗ್ರಹವು ಒದಗಿಸುತ್ತದೆ.

ಇಂಗ್ಲಿಷ್ ಜಗತ್ತಿನ ಸಂಗ್ರಾಹಕರ ಮಾನದಂಡವೇ ಬೇರೆ. ಸ್ಯಾಮ್ಯುಯೆಲ್ ಬೇಕರ್ ಅವರ ‘ದಿ ರೈಫಲ್ ಅಂಡ್ ದಿ ಹೌಂಡ್ ಇನ್ ಸಿಲೋನ್’ (1854), ಫ್ರೆಡ್ರಿಕ್ ಸೆಲೂಸ್ ಅವರ ‘ಎ ಹಂಟರ್ಸ್ ವಾಂಡರಿಂಗ್ಸ್ ಇನ್ ಆಫ್ರಿಕಾ’ (1881), ಪ್ಯಾಟರ್ಸನ್ ಅವರ ‘ದಿ ಮ್ಯಾನ್-ಈಟರ್ಸ್ ಆಫ್ ತ್ಸಾವೊ’ (1907) ಮೊದಲಾದವುಗಳ ಪ್ರಥಮ ಮುದ್ರಣ, ಹೊರಹೊದಿಕೆ, ಲೇಖಕರ ಸಹಿ ಇವು ಅವರಿಗೆ ಮುಖ್ಯ. ಜಿಮ್ ಕಾರ್ಬೆಟ್ ಅವರು 1935ರಲ್ಲಿ ನೈನಿತಾಲಿನಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ ‘ಜಂಗಲ್ ಸ್ಟೋರೀಸ್’ ಕೇವಲ ನೂರು ಪ್ರತಿಗಳದ್ದಾದ ಕಾರಣ ಅಪೂರ್ವವೆನಿಸಿದೆ. ಅದರ ಕೆಲವು ಕಥನಗಳು ‘ಮ್ಯಾನ್-ಈಟರ್ಸ್ ಆಫ್ ಕುಮಾವೂನ್’ (1944) ಕೃತಿಯಲ್ಲಿ ಸೇರಿ ಸುಲಭವಾಗಿ ದೊರೆಯುತ್ತವೆ. ಗೋಡೆಗೆ ತೂಗುಹಾಕಿದ ಕೊಂಬಿನಂತೆ ಪುಸ್ತಕವನ್ನು ಕಾಣುವ ಈ ದೃಷ್ಟಿ ಸಂಶೋಧಕನಿಗೆ ಅನುಕರಣೀಯವಲ್ಲ. ಸಂಶೋಧನ ವಿದ್ಯಾರ್ಥಿವೇತನದ ಮಿತಿಯಲ್ಲಿ ಸಾಧ್ಯವೂ ಅಲ್ಲ. ಸಂಶೋಧಕನು ಕೇಳಬೇಕಾದ ಪ್ರಶ್ನೆ ಒಂದೇ: ಈ ಪುಸ್ತಕದಲ್ಲಿ ನಮ್ಮ ಕಾಡು, ಕಾಡಿನ ಜನ ಮತ್ತು ಅವರ ನುಡಿ ಎಷ್ಟರಮಟ್ಟಿಗೆ ಉಳಿದಿವೆ?

ಈ ದೃಷ್ಟಿಯಿಂದ ಸಂಗ್ರಹದ ಮೊದಲ ಸಾಲಿನಲ್ಲಿ ಇರಬೇಕಾದದ್ದು ಜಿ. ಪಿ. ಸ್ಯಾಂಡರ್ಸನ್ ಅವರ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ (1878). ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಕಾರ್ಯದ ಹೊಣೆ ಹೊತ್ತಿದ್ದ ಅವರ ಈ ಗ್ರಂಥವು ಚಾಮರಾಜನಗರದ ಸುತ್ತಣ ಕಾಡು, ಆನೆಯ ಸ್ವಭಾವ ಹಾಗೂ ಖೆಡ್ಡಾದ ಏರ್ಪಾಡುಗಳ ಬಗೆಗೆ ಮಹತ್ತ್ವದ ದಾಖಲೆಯಾಗಿದೆ. ಮಧ್ಯ ಭಾರತದ ಕಾಡುಗಳಿಗೆ ಸಂಬಂಧಿಸಿದ ಫಾರ್ಸಿತ್ ಅವರ ‘ದಿ ಹೈಲ್ಯಾಂಡ್ಸ್ ಆಫ್ ಸೆಂಟ್ರಲ್ ಇಂಡಿಯಾ’ವನ್ನು (1871) ಇದರೊಡನೆ ಹೋಲಿಸಿ ಓದುವುದು ಉಪಯುಕ್ತ.

ಎರಡನೆಯ ಸಾಲು ಕಾರ್ಬೆಟ್ ಮತ್ತು ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ಅವರದು. ಆಂಡರ್ಸನ್ ಅವರ ಮೊದಲ ಕೃತಿ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ (1954) ಕನ್ನಡ ಸಂಶೋಧಕನಿಗೆ ವಿಶೇಷ ಸಾಮಗ್ರಿಯನ್ನು ಒದಗಿಸುತ್ತದೆ. ಹೊಸದುರ್ಗ, ಹೊಳಲ್ಕೆರೆ, ಜಾಲಹಳ್ಳಿ, ದೇವರಾಯನದುರ್ಗಗಳು ಅದರ ಅಧ್ಯಾಯಗಳ ಹೆಸರಿನಲ್ಲಿಯೇ ಇವೆ. ರೋಮನ್ ಲಿಪಿಯಲ್ಲಿ ‘ಯೆಮ್ಮೇದೊಡ್ಡಿ’ ಎಂದು ಓದಿಸಿಕೊಳ್ಳುವ ಊರು ಕಡೂರು ಸೀಮೆಯ ಎಮ್ಮೆದೊಡ್ಡಿ. ಇಂಗ್ಲಿಷ್ ಓದುಗನಿಗೆ ಬರಿಯ ಸದ್ದಾಗಿರುವ ಈ ಹೆಸರು ಕನ್ನಡಿಗನಿಗೆ ದೊಡ್ಡಿ ಹಾಕಿ ಜಾನುವಾರು ಸಾಕಿದವರ ಬದುಕನ್ನು ಸೂಚಿಸುತ್ತದೆ. ‘ಟಾಗರ್ತಿ’ಯನ್ನು ಸಾಗರ ತಾಲ್ಲೂಕಿನ ತ್ಯಾಗರ್ತಿಯೆಂದು ಗುರುತಿಸಲು ಸ್ಥಳನಾಮದ ಅರಿವು ಬೇಕು. ಇದೇ ಕೃತಿಯಲ್ಲಿ ‘ಪೂಜಾರಿ ಬೈರ’ನಿಗೆ ಮೀಸಲಾದ ಅಧ್ಯಾಯವಿದೆ. ಬೈರನಂಥವರು ತಮ್ಮ ಕಾಡಿನ ಅರಿವನ್ನು ತಾವೇ ಬರೆದಿಟ್ಟವರಲ್ಲ. ಹೆಜ್ಜೆ ಓದುವ ಅವರ ವಿದ್ಯೆಯನ್ನು ಬರಹದಲ್ಲಿ ಹುಡುಕಬೇಕಾದರೆ ಬಂದೂಕು ಹಿಡಿದವನ ಬರಹದ ಸಂದುಗಳಲ್ಲಿಯೇ ಹುಡುಕಬೇಕಾಗಿದೆ. ಈ ಪುಸ್ತಕಗಳನ್ನು ವಸಾಹತುಶಾಹಿ ವಿನೋದವೆಂದು ಬದಿಗಿರಿಸಿದರೆ ಆ ಸಾಕ್ಷ್ಯವನ್ನೂ ಬದಿಗಿರಿಸಿದಂತಾಗುತ್ತದೆ.

ಮೂರನೆಯ ಸಾಲು ಕನ್ನಡದ್ದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ಕೆದಂಬಾಡಿ ಜತ್ತಪ್ಪ ರೈ ಅವರ ‘ಬೇಟೆಯ ನೆನಪುಗಳು’, ಪೂರ್ಣಚಂದ್ರ ತೇಜಸ್ವಿ ಅವರ ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಭಾಗಗಳು ಮತ್ತು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಇಲ್ಲಿ ಅವಶ್ಯವಾಗಿ ಇರಬೇಕು. ಹೆಸರನ್ನು ಮಾತ್ರ ನೋಡಿ ಕೊಳ್ಳುವವರು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೂ (1979) ಸೇರಿಸಿಯಾರು, ಅದು ಮುಂಬಯಿಯ ಉದ್ಯೋಗ ಜಗತ್ತಿನ ಕಾದಂಬರಿ. ತೇಜಸ್ವಿ ಅವರ ರೂಪಾಂತರಗಳು ಭಾವಾನುವಾದಗಳಾದ್ದರಿಂದ ಮೂಲದೊಡನೆ ಇಟ್ಟು ಓದಿದಾಗಲಷ್ಟೇ ಏನು ಬಿಟ್ಟಿತು, ಏನು ಸೇರಿತು ಎಂಬುದು ತಿಳಿಯುತ್ತದೆ. ಪ್ರಕಟಣೆಯ ವರ್ಷವನ್ನು ಗಮನಿಸುವುದೂ ಅಗತ್ಯ. ‘ಕರ್ವಾಲೊ’ (1980) ‘ಕಾಡಿನ ಕಥೆಗಳಿ’ಗಿಂತ ಮೊದಲೇ ಬಂದ ಕಾದಂಬರಿ, ಆದುದರಿಂದ ಅದರ ಮಂದಣ್ಣನನ್ನು ಈ ಅನುವಾದಗಳ ಫಲವೆಂದು ಹೇಳಲಾಗದು. ಪದಸಂಪತ್ತಿನ ದೃಷ್ಟಿಯಿಂದಲೂ ಮೂರೂ ಸಾಲುಗಳನ್ನು ಒಟ್ಟಿಗೆ ನೋಡಬೇಕು. ಇಂಗ್ಲಿಷ್ ಕೃತಿಗಳ ‘ಮಚಾನ್’ ಎಂಬುದರ ಎದುರಿಗೆ ಮಲೆನಾಡಿನ ‘ಮರಸು’, ‘ಬೀಟ್’ ಎಂಬುದರ ಎದುರಿಗೆ ‘ಸೋವು’ ನಮ್ಮಲ್ಲಿವೆ. ಬೇಟೆ ನಿಂತುಹೋದಂತೆ ಈ ಪದಗಳು ಬಳಕೆಯಿಂದ ಮರೆಯಾಗುತ್ತಿರುವುದನ್ನು ನಿಘಂಟುಕಾರರು ಗಮನಿಸಬೇಕಾಗಿದೆ.

ಪುಸ್ತಕ ಕೊಳ್ಳುವಾಗ ಪಾಲಿಸಬಹುದಾದ ಕೆಲವು ನಿಯಮಗಳಿವೆ. ಹಳೆಯ ಪ್ರತಿಯಾದರೆ ಚಿತ್ರಗಳ ಪಟ್ಟಿಯೊಡನೆ ಚಿತ್ರಪುಟಗಳನ್ನು ಎಣಿಸಿ ನೋಡಬೇಕು. ಮಡಿಸಿದ ನಕಾಶೆಗಳಿದ್ದರೆ ಅವು ಮೊದಲು ಕಳೆದುಹೋಗುವ ಭಾಗ. ಸ್ಥಳನಾಮಗಳ ಅಧ್ಯಯನಕ್ಕೆ ನಕಾಶೆ ಮತ್ತು ಪದಸೂಚಿಗಳಿರುವ ಸಾಧಾರಣ ಮರುಮುದ್ರಣವು ಅವಿಲ್ಲದ ಪ್ರಥಮ ಮುದ್ರಣಕ್ಕಿಂತ ಮೇಲು. ಸಂಯುಕ್ತ ಸಂಪುಟಗಳು ಅಗ್ಗವಾದರೂ ಅವುಗಳ ಪುಟಸಂಖ್ಯೆ ಬಿಡಿ ಮುದ್ರಣಗಳಿಗೆ ಹೊಂದುವುದಿಲ್ಲ. ಬಳಸಿದ ಆವೃತ್ತಿಯನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಸ್ಯಾಂಡರ್ಸನ್ ಅವರಂಥ ಹತ್ತೊಂಬತ್ತನೆಯ ಶತಮಾನದ ಲೇಖಕರ ಕೃತಿಗಳು ಗಣಕೀಕೃತ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ಅನಂತರ 60 ವರ್ಷ ಕೃತಿಸ್ವಾಮ್ಯವಿರುವುದರಿಂದ, 1955ರಲ್ಲಿ ನಿಧನರಾದ ಕಾರ್ಬೆಟ್ ಅವರ ಜೀವಿತಕಾಲದ ಪ್ರಕಟಣೆಗಳು 2016ರಿಂದ ಇಲ್ಲಿ ಮುಕ್ತವಾಗಿವೆ. ಆಂಡರ್ಸನ್ ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳಿಗೆ ಈ ಅವಧಿ 2034ರ ಕೊನೆಯವರೆಗೆ ಇದೆ. ಅನುವಾದ ಕೈಗೊಳ್ಳುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಬೇಟೆಯ ವಿನೋದಕ್ಕೆ ನ್ಯಾಯವಾಗಿ ಅವಕಾಶವಿಲ್ಲ, ಇರಬೇಕಾಗಿಯೂ ಇಲ್ಲ. ಈ ಗ್ರಂಥಗಳನ್ನು ಸಂಗ್ರಹಿಸುವುದೆಂದರೆ ಕೊಲ್ಲುವ ಸಾಹಸವನ್ನು ಮೆಚ್ಚುವುದೆಂದು ಭಾವಿಸಬೇಕಾಗಿಲ್ಲ. ಪ್ರತಿ ಪುಸ್ತಕವನ್ನು ಓದುವಾಗ ಊರು, ಹಳ್ಳ, ಮರ, ಪ್ರಾಣಿ, ಸಹಾಯಕರ ಹೆಸರುಗಳಿಗೆ ಒಂದೊಂದು ಚೀಟಿ ಮಾಡಿ, ಕನ್ನಡದ ಸರಿಯಾದ ರೂಪವನ್ನು ಎದುರಿಗೆ ಬರೆದಿಡುವ ಕ್ರಮವನ್ನು ಸಂಶೋಧಕರು ಇಟ್ಟುಕೊಂಡರೆ ಈ ಸಂಗ್ರಹವು ಸ್ಥಳನಾಮ, ಬುಡಕಟ್ಟು ಅಧ್ಯಯನ ಮತ್ತು ನಿಘಂಟು ರಚನೆಗಳಿಗೆ ಆಕರವಾಗುತ್ತದೆ. ಆ ಹೆಸರುಗಳ ಸರಿಯಾದ ಉಚ್ಚಾರವನ್ನು ಹೇಳಬಲ್ಲ ಹಿರಿಯರು ಕಾಡಂಚಿನ ಊರುಗಳಲ್ಲಿ ಇನ್ನೂ ಇರುವಾಗಲೇ ಈ ಕೆಲಸ ಆರಂಭವಾಗಬೇಕು.