ಹಳೆಯ ಕಾರಿಗೊಂದು ನೋಟ್‌ಬುಕ್

ಮನೆಗೆ ಸೆಕೆಂಡ್ ಹ್ಯಾಂಡ್ ಕಾರು ಬಂದ ದಿನ ನೀವೇನು ಮಾಡಿದಿರಿ? ತೊಳೆದಿರಿ, ಸೀಟಿಗೆ ಹೊಸ ಕವರ್ ಹಾಕಿಸಿದಿರಿ, ನೆರೆಹೊರೆಯವರಿಗೆ ಸಿಹಿ ಹಂಚಿದಿರಿ. ನಾವೂ ಅಷ್ಟೇ ಮಾಡಿದೆವು. ಬಾನೆಟ್ ಎತ್ತಿ ನೋಡಬೇಕೆಂಬುದು ಮಾತ್ರ ನಮಗೆ ಹೊಳೆಯಲಿಲ್ಲ.

ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಹೊರಟಿದ್ದೆವು. ಏಪ್ರಿಲ್ ತಿಂಗಳ ಬಿಸಿಲು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನಾನು ಕಂಡಿದ್ದೆ. ಆದರೂ ‘ಇನ್ನೇನು ಊರು ಬಂತು’ ಎಂದು ಓಡಿಸಿದೆ. ಗುಡಗೇರಿ ದಾಟಿದ ಮೇಲೆ ಬಾನೆಟ್ ಸಂದಿಯಿಂದ ಹಬೆ ಎದ್ದಿತು, ಗಾಡಿ ನಿಂತಿತು. ಅಮ್ಮನನ್ನು ಬೇವಿನ ಮರದ ನೆರಳಲ್ಲಿ ಕೂರಿಸಿ ಬಸ್ಸಿಗೆ ಕೈ ಮಾಡಿದೆವು. ಅಂದಿನ ಆಪರೇಷನ್ ಮುಂದಕ್ಕೆ ಹೋಯಿತು. ಮಗಳ ಪಿ.ಯು. ಪ್ರವೇಶಕ್ಕೆಂದು ತೆಗೆದಿಟ್ಟಿದ್ದ ಹಣ ಗ್ಯಾರೇಜಿಗೆ ಹೋಯಿತು.

“ಮಾಸ್ತರ್, ಒಂದು ರಬ್ಬರ್ ಪೈಪಿನ ರೊಕ್ಕ ಉಳಸಾಕ ಹೋಗಿ ಹೆಡ್ ಗ್ಯಾಸ್ಕೆಟ್ ಸುಟ್ಟೀರಿ ನೋಡ್ರಿ” ಎಂದರು ಮಿಸ್ತ್ರಿ. ಅವರು ರೇಡಿಯೇಟರ್ ಬಿಚ್ಚಿ ತೋರಿಸಿದರು. ಒಳಗೆಲ್ಲ ಬಿಳಿ ಪದರ ಕಟ್ಟಿತ್ತು. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರನ್ನೇ ನಾನು ತಿಂಗಳುಗಟ್ಟಲೆ ಸುರಿದಿದ್ದೆ. ಚಹಾದ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ ಎಂದು ನನಗೆ ತಿಳಿದಿರಲಿಲ್ಲ. ತಪ್ಪು ಕಾರಿನದಲ್ಲ, ನನ್ನದು.

ವಯಸ್ಸಿನ ಲೆಕ್ಕ

ಮಧ್ಯಮ ವರ್ಗದ ಮನೆಗಳಿಗೆ ಕಾರಿನ ಕನಸು ತಂದ ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಇಂದು ನಿಮ್ಮ ಕೈಗೆ ಸಿಗುವ ಯಾವುದೇ 800 ಹತ್ತು ವರ್ಷ ದಾಟಿದ್ದೇ. ಇಂಥ ಕಾರಿಗೆ ಕಿಲೋಮೀಟರ್ ಲೆಕ್ಕ ಒಂದೇ ಸಾಲದು. ಓಡದೆ ನಿಂತರೂ ರಬ್ಬರ್ ಮುಪ್ಪಾಗುತ್ತದೆ, ಆಯಿಲ್ ಕೆಡುತ್ತದೆ, ಇಲಿ ವೈರ್ ಕಡಿಯುತ್ತದೆ.

ಆದ್ದರಿಂದ ಕಾರು ಕೊಂಡ ಮೊದಲ ತಿಂಗಳೇ ಒಂದು ಗೆರೆ ಎಳೆಯಿರಿ. ಹಿಂದಿನ ಮಾಲೀಕರು ‘ಎಲ್ಲ ಮಾಡಿಸಿದ್ದೇನೆ’ ಎಂದರೂ ರಸೀದಿ ಇಲ್ಲದಿದ್ದರೆ ಮಾಡಿಸಿಲ್ಲವೆಂದೇ ತಿಳಿಯಿರಿ. ಆಯಿಲ್, ಫಿಲ್ಟರ್‌ಗಳು, ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟ್‌ಗಳು, ರಬ್ಬರ್ ಪೈಪುಗಳನ್ನು ಬದಲಿಸಿ ಆ ದಿನಾಂಕದಿಂದ ಲೆಕ್ಕ ಶುರು ಮಾಡಿ.

ಇಂಜಿನ್ ಆಯಿಲ್ ಅನ್ನು ಕಂಪನಿಯ ಪುಸ್ತಕ ಹೇಳಿದಷ್ಟು ಕಿಲೋಮೀಟರಿಗೆ ಬದಲಿಸಿ. ಕಡಿಮೆ ಓಡಿಸುವವರು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದಾಗ ಬ್ರೇಕ್ ಬಿಸಿಯಾದರೆ ಆಯಿಲ್ ಕುದಿದು ಪೆಡಲ್ ಸಡಿಲವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಒಳ್ಳೆಯದು. ಕೂಲೆಂಟ್ ಬೆರೆಸಲು ಡಿಸ್ಟಿಲ್ಡ್ ನೀರನ್ನೇ ಬಳಸಿ. ಟೈಮಿಂಗ್ ಬೆಲ್ಟ್ ಇರುವ ಕಾರಾದರೆ ಅದು ಹರಿಯುವವರೆಗೆ ಕಾಯಬೇಡಿ. ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳೇ ಬಾಗಿಬಿಡುತ್ತವೆ.

ಟೈರಿನ ಹೂವು ಚೆನ್ನಾಗಿದೆ ಎಂದು ಮೋಸಹೋಗಬೇಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರನ್ನು ಪ್ರತಿವರ್ಷ ತೋರಿಸಿ. ಬಿರುಕು ಕಂಡರೆ ಬದಲಿಸಿ. ಎರೆ ಹೊಲಗಳ ಧೂಳಿನ ದಾರಿಯಲ್ಲಿ ಓಡಾಡುವವರು ಏರ್ ಫಿಲ್ಟರ್ ಅನ್ನು ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ನೋಡಬೇಕು.

ಇನ್ನೊಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ. ಹಳೆಯ ಕಾರುಗಳ ರಬ್ಬರನ್ನು ಇದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ವಾಸನೆ ಬಂದರೆ ಅಂದೇ ಬದಲಿಸಿ. ಸೋರಿದರೆ ಬೆಂಕಿಯ ಭಯ.

ತಿಂಗಳಿಗೆ ಎಷ್ಟು?

ಆ ಘಟನೆಯ ನಂತರ ನನ್ನ ಪತ್ನಿ ಒಂದು ನೂರು ಪುಟದ ನೋಟ್‌ಬುಕ್ ತಂದಳು. ಹಾಲಿನ ಲೆಕ್ಕದಂತೆ ಕಾರಿಗೂ ಲೆಕ್ಕ ಬರೆಯೋಣ ಎಂದಳು. ಅವಳ ಉಪಾಯ ಸರಳ. ಸಾಮಾನಿನ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸುವುದು.

ನಾಲ್ಕು ಟೈರಿಗೆ 12,000 ರೂಪಾಯಿ, ಬಾಳಿಕೆ 60 ತಿಂಗಳು ಎಂದಿಟ್ಟುಕೊಳ್ಳಿ. ತಿಂಗಳಿಗೆ 200 ಆಯಿತು. 3,600 ರೂಪಾಯಿಯ ಬ್ಯಾಟರಿ 36 ತಿಂಗಳು ಬಂದರೆ 100. ಬೆಲ್ಟ್ ಮತ್ತು ಪೈಪುಗಳಿಗೆ 100, ಕ್ಲಚ್ ಮತ್ತು ಬ್ರೇಕ್‌ಗೆ 200, ವರ್ಷದ ಸರ್ವಿಸ್‌ಗೆ 300, ವಿಮೆ ಮತ್ತು ನೋಂದಣಿಗೆ 350. ಒಟ್ಟು 1,250. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಕಾರಿನ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪಗಾರ ಬಂದ ದಿನವೇ ಆ ಹಣವನ್ನು ಬೇರೆ ಡಬ್ಬಿಗೆ ಹಾಕಿದರೆ ಗ್ಯಾರೇಜಿನ ಬಿಲ್ಲು ಬಂದ ದಿನ ಮಕ್ಕಳ ಫೀಸಿಗೆ ಕೈ ಹಾಕಬೇಕಾಗುವುದಿಲ್ಲ.

ಒಂದೇ ಸಲಕ್ಕೆ ಎಲ್ಲ ಮಾಡಿಸಲು ಆಗದಿದ್ದರೆ ಸರದಿ ಹಾಕಿ. ಮೊದಲು ಬ್ರೇಕ್, ಟೈರ್, ಸ್ಟೇರಿಂಗ್, ಪೆಟ್ರೋಲ್ ಪೈಪು. ಇವು ಜೀವದ ಪ್ರಶ್ನೆ. ನಂತರ ಆಯಿಲ್, ಕೂಲೆಂಟ್, ಬೆಲ್ಟ್. ಇವು ಇಂಜಿನ್ನಿನ ಪ್ರಶ್ನೆ. ಬಣ್ಣ, ಸ್ಟೀರಿಯೊ, ಸೀಟ್ ಕವರ್ ಎಲ್ಲಕ್ಕಿಂತ ಕೊನೆಗೆ. ನಾವು ಮಾಡಿದ್ದು ಇದರ ತಿರುವುಮುರುವು.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಕಾರು ಕೊಳ್ಳುವ ಮೊದಲೇ ಆರ್.ಸಿ.ಯ ಕೊನೆಯ ದಿನಾಂಕ ನೋಡಿ, ಈ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಹಳೆಯ ಸಾಲ ಬಾಕಿ ಇದೆಯೇ ಎಂದೂ ವಿಚಾರಿಸಿ. ಹದಿನೈದು ವರ್ಷವಾದರೆ ಕಾರನ್ನು ಗುಜರಿಗೇ ಹಾಕಬೇಕೆಂದು ಹಲವರು ಹೆದರುತ್ತಾರೆ. ಅದು 2014–15ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ವಲಯಕ್ಕೆ ನೀಡಿದ ಆದೇಶಗಳಿಂದ ಹುಟ್ಟಿದ ಹೆದರಿಕೆ. ನಮ್ಮಲ್ಲಿ ತಪಾಸಣೆಯಲ್ಲಿ ಪಾಸಾದ ಕಾರು ನವೀಕರಣವಾಗುತ್ತದೆ.

ಕೈಬಿಡುವ ಹೊತ್ತು

ಯಾವ ಕಾರೂ ಶಾಶ್ವತವಲ್ಲ. ತುಕ್ಕು ತಳದ ತಗಡನ್ನು ತಿಂದಿದ್ದರೆ, ಒಂದು ವರ್ಷದ ರಿಪೇರಿ ಕಾರಿನ ಬೆಲೆಯ ಅರ್ಧ ದಾಟಿದರೆ, ಅಭಿಮಾನ ಬಿಟ್ಟು ಯೋಚಿಸಿ. ಮಾರುವಾಗ ಆ ನೋಟ್‌ಬುಕ್ಕನ್ನೂ ಕೊಳ್ಳುವವರ ಕೈಗಿಡಿ. ಯಾವ ದೋಷವಿದೆಯೋ ಹೇಳಿಬಿಡಿ. ನಾಳೆ ಆ ಸೀಟಿನಲ್ಲಿ ಕೂರುವುದು ಇನ್ನೊಬ್ಬರ ತಾಯಿ.

ಅಮ್ಮನ ಆಪರೇಷನ್ ಆಮೇಲೆ ಅದೇ ಕಾರಿನಲ್ಲಿ ಹೋಗಿ ಆಯಿತು. ಈಗಲೂ ಹುಬ್ಬಳ್ಳಿಗೆ ಹೊರಟಾಗಲೆಲ್ಲ ಅವರು ಸೀಟಿನಲ್ಲಿ ಕೂರುವ ಮುನ್ನ ಕೇಳುತ್ತಾರೆ: “ನೀರು ನೋಡಿದಿಯೇನಪ್ಪಾ?” ನೋಡಿಯೇ ಇರುತ್ತೇನೆ, ನೋಟ್‌ಬುಕ್ಕಿನಲ್ಲಿ ಬರೆದೂ ಇರುತ್ತೇನೆ.