ಪಾರ್ಶ್ವವಾಯು: ರೋಗವೆಲ್ಲಿ, ಸಂಶೋಧನೆಯೆಲ್ಲಿ?

ಚೆನ್ನಾಗಿ ಮಾತನಾಡುತ್ತಿದ್ದವರ ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾಗುತ್ತದೆ. ಒಂದು ಕಡೆಯ ಕೈಕಾಲುಗಳು ಸ್ವಾಧೀನ ತಪ್ಪುತ್ತವೆ. ಜನ ಇದನ್ನು ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಆಯುರ್ವೇದವು ಪಕ್ಷಾಘಾತವೆಂದು ಕರೆಯುತ್ತದೆ. ಪಾರ್ಶ್ವವಾಯು ಎಂಬ ಹೆಸರಿನಲ್ಲಿ ವಾಯುವಿದ್ದರೂ ಇದು ಗಾಳಿಯಿಂದ ಬರುವುದಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳವೊಂದು ಮುಚ್ಚಿಹೋಗುವುದು ಅಥವಾ ಒಡೆಯುವುದು ಇದಕ್ಕೆ ಕಾರಣ.

ಈ ರೋಗದಿಂದ ಸತ್ತವರ ಮೆದುಳಿನಲ್ಲಿ ರಕ್ತ ಸೋರಿರುವುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ವೆಪ್ಫರ್ 1658ರಲ್ಲಿಯೇ ಗ್ರಂಥಸ್ಥಗೊಳಿಸಿದ್ದನು. ಆದರೆ ಬದುಕಿರುವ ರೋಗಿಯಲ್ಲಿ ನಾಳ ಮುಚ್ಚಿದೆಯೋ ಒಡೆದಿದೆಯೋ ಎಂದು ನಿಶ್ಚಯಿಸುವುದು ಬಹುಕಾಲ ದುಸ್ತರವಾಗಿತ್ತು. 1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಿತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ಈ ರೋಗಕ್ಕೆಂದೇ ಮೀಸಲಾದ ‘ಸ್ಟ್ರೋಕ್’ ಎಂಬ ಸಂಶೋಧನಾ ಪತ್ರಿಕೆ ಹುಟ್ಟಿತ್ತು. ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಅನೇಕರು ಚೇತರಿಸಿಕೊಳ್ಳುವರೆಂಬ ಅಮೆರಿಕದ ಪ್ರಯೋಗದ ವರದಿ 1995ರಲ್ಲಿ ಹೊರಬಂದಿತು. ನಾಳದೊಳಕ್ಕೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆಯ ಫಲವನ್ನು 2015ರಲ್ಲಿ ಒಂದರ ಹಿಂದೊಂದರಂತೆ ಐದು ಪ್ರಯೋಗಗಳು ಸಾರಿದವು.

ಇಂಥ ಲೇಖನಗಳ ಸಂಖ್ಯೆಯಲ್ಲಿ ಅಮೆರಿಕವು ಬಹುಕಾಲ ಮುಂಚೂಣಿಯಲ್ಲಿತ್ತು. ಕಳೆದ ಎರಡು ದಶಕಗಳಲ್ಲಿ ಚೀನವು ಅತಿ ವೇಗವಾಗಿ ಮೇಲೇರಿದೆ. ರೋಗದ ಭೂಪಟವಾದರೋ ಬೇರೆಯೇ ಆಗಿದೆ. 2019ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 22 ಲಕ್ಷ ಜನರಿಗೆ ಹೊಸದಾಗಿ ಪಾರ್ಶ್ವವಾಯು ತಗಲಿತೆಂದು ಅಂದಾಜು. ಅದರಿಂದ ಸತ್ತವರಲ್ಲಿ ಬಹುಪಾಲು ಜನ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಆಫ್ರಿಕದ ಬಹುತೇಕ ದೇಶಗಳಿಂದ ಬರುವ ಲೇಖನಗಳಂತೂ ತೀರ ವಿರಳ.

ಬರೆಯುವವರು ಯಾರಾದರೇನು, ಓದಿ ಅನುಸರಿಸಿದರಾಯಿತಲ್ಲವೆ ಎಂದು ಕೇಳಬಹುದು. ಆದರೆ ರೋಗವು ಎಲ್ಲೆಡೆಯೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಯುರೋಪಿನವರಿಗಿಂತ ಏಷ್ಯದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಹೆಚ್ಚು. ಚಿಕಿತ್ಸೆಯ ಅನುಕೂಲಗಳೂ ಭಿನ್ನ. ಮೂರು ಗಂಟೆಯ ಔಷಧದಿಂದ, ಸ್ಕ್ಯಾನ್ ಯಂತ್ರಕ್ಕೆ ಅರ್ಧ ದಿನದ ದಾರಿಯಿರುವ ಊರಿನವರಿಗೆ ಏನು ಪ್ರಯೋಜನ?

ಆದ್ದರಿಂದಲೇ ಭಾರತದ 14 ಆಸ್ಪತ್ರೆಗಳಲ್ಲಿ ನಡೆದ ಒಂದು ಪ್ರಯೋಗ ಗಮನಾರ್ಹವಾದುದು. ನಮ್ಮಲ್ಲಿ ಅಂಗಸಾಧನೆ ಮಾಡಿಸುವ ತಜ್ಞರು ಕಡಿಮೆ. ರೋಗಿಯ ಆರೈಕೆಗೆ ನಿಲ್ಲುವವರು ಮನೆಯವರೇ. ಅವರಿಗೇ ತರಬೇತಿ ಕೊಟ್ಟರೆ ರೋಗಿಯು ಬೇಗ ಸ್ವಾವಲಂಬಿಯಾಗುವನೆ? 1250 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಆರು ತಿಂಗಳ ಬಳಿಕ ಎರಡು ಗುಂಪುಗಳಲ್ಲಿಯೂ ಶೇಕಡ 47ರಷ್ಟು ಜನ ಮರಣಹೊಂದಿದ್ದರು ಅಥವಾ ಪರಾವಲಂಬಿಗಳಾಗಿಯೇ ಉಳಿದಿದ್ದರು. ಎಲ್ಲರೂ ಫಲಿಸಲೆಂದು ಬಯಸಿದ್ದ ಉಪಾಯ ಫಲಿಸಲಿಲ್ಲ. ಆ ಮಾತನ್ನು ಮುಚ್ಚಿಡದೆ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲ್ಲವಾಗಿದ್ದರೆ ಬೇರೊಂದು ಬಡ ದೇಶವು ಅದನ್ನೇ ನಂಬಿ ತನ್ನ ಅಲ್ಪ ಹಣವನ್ನು ಸುರಿಯುತ್ತಿತ್ತೇನೊ!

ಫಲಿಸದ ಪ್ರಯೋಗಗಳು ಮೇಜಿನ ಖಾನೆಯಲ್ಲೇ ಉಳಿದುಬಿಡುವುದು ಎಲ್ಲ ದೇಶಗಳಲ್ಲಿಯೂ ಇರುವ ದೋಷ. ಭಾರತದಲ್ಲಿ 2009ರಿಂದ ಔಷಧಪ್ರಯೋಗಗಳನ್ನು ಆರಂಭಕ್ಕೆ ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಲೇಖನ ಹೊರಬರದಿದ್ದರೂ ಅಂಥದೊಂದು ಪ್ರಯೋಗಕ್ಕೆ ಕೈಹಾಕಿದ್ದರೆಂಬುದು ಆ ದಾಖಲೆಯಿಂದ ತಿಳಿಯುತ್ತದೆ.