ಡಿಸ್ಕಿನ ಹೆಸರು, ಡಿಸ್ಕಿನ ಗುರುತು

ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಹೋಗಿ, ಪಕ್ಕದಲ್ಲೇ ಸಿಕ್ಕಿಸಿದ್ದ ಹಾರ್ಡ್‌ಡಿಸ್ಕನ್ನು ಅಳಿಸಿ, ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳನ್ನು ಕಳೆದುಕೊಂಡವರು ಕಡಿಮೆಯೇನಿಲ್ಲ. ಪರದೆಯ ಮೇಲೆ ಕಂಡ ‘ಇ’ ಅಥವಾ ‘ಎಸ್‌ಡಿಬಿ’ ಎಂಬ ಹೆಸರನ್ನು ಆ ಡಿಸ್ಕಿನ ಕಾಯಂ ಹೆಸರೆಂದು ನಂಬಿಬಿಟ್ಟರೆ ಹೀಗಾಗುತ್ತದೆ. ಕಂಪ್ಯೂಟರ್ ಡಿಸ್ಕಿಗೆ ಕೊಡುವ ಹೆಸರು ಬೇರೆ, ಡಿಸ್ಕಿನೊಳಗೇ ಬರೆದಿರುವ ಗುರುತು ಬೇರೆ. ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು.

ವಿಂಡೋಸ್ ಬಳಸುವವರಿಗೆ ಮೊದಲು ಕಾಣುವುದು ‘ಸಿ’ ಡ್ರೈವ್. 1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕೇ ಇರಲಿಲ್ಲ. ಇದ್ದದ್ದು ಒಂದೋ ಎರಡೋ ಫ್ಲಾಪಿ ಡ್ರೈವ್. ಅವುಗಳಿಗೆ ‘ಎ’ ಮತ್ತು ‘ಬಿ’ ಮೀಸಲಾದವು. ಹೀಗೆ ಅಕ್ಷರ ಹಿಡಿದು ಕರೆಯುವ ರೂಢಿ ಆ ಕಂಪ್ಯೂಟರನ್ನು ನಡೆಸುತ್ತಿದ್ದ ಡಾಸ್‌ಗೆ ಬಂದದ್ದು ಗ್ಯಾರಿ ಕಿಲ್ಡಾಲ್ ರೂಪಿಸಿದ್ದ ಸಿಪಿ/ಎಂ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಿಂದ. 1983ರಲ್ಲಿ 10 ಮೆಗಾಬೈಟಿನ ಹಾರ್ಡ್‌ಡಿಸ್ಕ್ ಇದ್ದ ಐಬಿಎಂ ಪಿಸಿ ಎಕ್ಸ್‌ಟಿ ಬಂದಾಗ ಹೊಸ ಡಿಸ್ಕಿಗೆ ಉಳಿದಿದ್ದ ಮುಂದಿನ ಅಕ್ಷರ ‘ಸಿ’. ಫ್ಲಾಪಿ ಮರೆಯಾಗಿ ಎಷ್ಟೋ ಕಾಲವಾದರೂ ‘ಸಿ’ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ಲಿನಕ್ಸಿನ ಪದ್ಧತಿ ಬೇರೆ. ಅಲ್ಲಿ ಸಾಟಾ ಹಾರ್ಡ್‌ಡಿಸ್ಕ್, ಯುಎಸ್‌ಬಿ ಪೆನ್‌ಡ್ರೈವ್ ಎರಡಕ್ಕೂ ‘ಎಸ್‌ಡಿ’ ಎಂಬ ಒಂದೇ ಆರಂಭ. ಮೊದಲು ಪತ್ತೆಯಾದ ಡಿಸ್ಕ್ ಎಸ್‌ಡಿಎ, ಎರಡನೆಯದು ಎಸ್‌ಡಿಬಿ. ಡಿಸ್ಕನ್ನು ಭಾಗ (ಪಾರ್ಟಿಷನ್) ಮಾಡಿದ್ದರೆ ಎಸ್‌ಡಿಎ1, ಎಸ್‌ಡಿಎ2 ಎಂದು ಅಂಕಿ ಸೇರುತ್ತದೆ. ಒಂದೇ ಸರ್ವೆ ನಂಬರಿನ ಜಮೀನು ಪಾಲಾದಾಗ ಪಹಣಿಯಲ್ಲಿ 45/1, 45/2 ಎಂದು ಹಿಸ್ಸಾ ನಂಬರು ಬೀಳುತ್ತದಲ್ಲ, ಇದೂ ಹಾಗೆಯೇ. ಹೊಸ ಲ್ಯಾಪ್‌ಟಾಪುಗಳ ಎನ್‌ವಿಎಂಇ ಡಿಸ್ಕುಗಳಲ್ಲಿ ಹೆಸರು ಉದ್ದ: ಎನ್‌ವಿಎಂಇ0ಎನ್1ಪಿ2. ಸೊನ್ನೆಯಿಂದ ಎಣಿಸಿದಾಗ ಮೊದಲು ಬರುವ ನಿಯಂತ್ರಕ, ಅದರಡಿಯ ಒಂದನೇ ನೇಮ್‌ಸ್ಪೇಸ್ (ಸಂಗ್ರಹದ ಜಾಗ), ಅದರಲ್ಲಿ ಎರಡನೇ ಪಾರ್ಟಿಷನ್ ಎಂದು ಬಿಡಿಸಿ ಓದಬೇಕು.

ಈ ಭಾಗಗಳ ದಾಖಲೆ ಇರುವುದು ಡಿಸ್ಕಿನ ಮೇಲೆಯೇ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ, ಬರೀ 512 ಬೈಟುಗಳಲ್ಲಿ ಮುಗಿಯುತ್ತದೆ. ಮೊದಲ 446 ಬೈಟುಗಳಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ನಂತರದ 64 ಬೈಟುಗಳಲ್ಲಿ ತಲಾ 16 ಬೈಟಿನ ನಾಲ್ಕು ನಮೂದುಗಳು, ಕೊನೆಯ ಎರಡು ಬೈಟುಗಳಲ್ಲಿ ಮುದ್ರೆ. ನಮೂದುಗಳು ನಾಲ್ಕೇ ಆದ್ದರಿಂದ ಪಾರ್ಟಿಷನ್‌ಗಳೂ ನಾಲ್ಕೇ. ಹೆಚ್ಚು ಬೇಕಾದರೆ ನಾಲ್ಕರಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಎಂದು ಗುರುತಿಸಿ, ಅದರೊಳಗೆ ಮತ್ತೆ ಭಾಗ ಮಾಡಬೇಕು. ಲಿನಕ್ಸ್ ಮೊದಲ ನಾಲ್ಕು ಅಂಕಿಗಳನ್ನು ಆ ನಾಲ್ಕು ನಮೂದುಗಳಿಗೇ ಕಾಯ್ದಿರಿಸಿ, ಒಳಗಿನ ಭಾಗಗಳನ್ನು ಐದರಿಂದ ಎಣಿಸುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಎಸ್‌ಡಿಎ1, ಎಸ್‌ಡಿಎ2 ಆದ ಮೇಲೆ ನೇರ ಎಸ್‌ಡಿಎ5 ಕಂಡರೆ ಗಾಬರಿ ಬೇಡ; ನಡುವೆ ಏನೂ ಕಳೆದುಹೋಗಿಲ್ಲ.

ಎಂಬಿಆರ್‌ಗೆ ಇನ್ನೊಂದು ಮಿತಿ ಇತ್ತು. ಸೆಕ್ಟರಿನ ವಿಳಾಸ ಬರೆಯಲು ಅಲ್ಲಿರುವುದು 32 ಬಿಟ್ ಜಾಗ. 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ ಅದು ಸುಮಾರು 2.2 ಟೆರಾಬೈಟಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕುಗಳು ಬಂದಾಗ ಜಿಪಿಟಿ ಎಂಬ ಹೊಸ ಪದ್ಧತಿ ಅನಿವಾರ್ಯವಾಯಿತು. ಅದರಲ್ಲಿ ವಿಳಾಸಕ್ಕೆ 64 ಬಿಟ್, ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗ. ದಾಖಲೆಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುವುದರಿಂದ ಮೊದಲ ಪ್ರತಿ ಕೆಟ್ಟರೂ ಚೇತರಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಪಾರ್ಟಿಷನ್‌ಗೂ ಅದರದೇ ಆದ 128 ಬಿಟ್‌ನ ಗುರುತಿನ ಸಂಖ್ಯೆ ಇರುತ್ತದೆ.

ಇಂಥ ಸಂಖ್ಯೆ ಏಕೆ ಬೇಕು? ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಸರ್ವೆ ನಂಬರಿನಷ್ಟು ಗಟ್ಟಿಯಲ್ಲ. ಕಂಪ್ಯೂಟರ್ ಆನ್ ಆಗುವಾಗ ಯಾವ ಡಿಸ್ಕ್ ಮೊದಲು ಓಗೊಟ್ಟಿತೋ ಅದಕ್ಕೆ ಮೊದಲ ಅಕ್ಷರ. ಹೊಸ ಡಿಸ್ಕ್ ಸೇರಿಸಿದರೆ ಮಾತ್ರವಲ್ಲ, ಏನನ್ನೂ ಬದಲಿಸದೆ ರೀಸ್ಟಾರ್ಟ್ ಮಾಡಿದರೂ ಈ ಸರದಿ ಹಿಂದುಮುಂದಾಗಬಹುದು. ನಿನ್ನೆ ಎಸ್‌ಡಿಬಿ ಆಗಿದ್ದದ್ದು ಇಂದು ಎಸ್‌ಡಿಎ ಆದೀತು. ಆದ್ದರಿಂದ ಇಂದಿನ ಲಿನಕ್ಸ್ ವ್ಯವಸ್ಥೆಗಳು ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಹೆಸರುಗಳ ಬದಲು ಯುಯುಐಡಿ ಎಂಬ ಇನ್ನೊಂದು ಗುರುತನ್ನು ಬರೆಯುತ್ತವೆ. ಫಾರ್ಮ್ಯಾಟ್ ಮಾಡಿದ ಗಳಿಗೆಯಲ್ಲಿ ಹುಟ್ಟಿ ಅದೇ ಪಾರ್ಟಿಷನ್ನಿನೊಳಗೆ ದಾಖಲಾಗುವ ಈ ಸಂಖ್ಯೆ ಡಿಸ್ಕ್ ಎಲ್ಲಿ ಹೋದರೂ ಜೊತೆಗೇ ಹೋಗುತ್ತದೆ. ವಿಂಡೋಸ್ ಕೂಡ ಯಾವ ಗುರುತಿಗೆ ಯಾವ ಅಕ್ಷರ ಎಂದು ತನ್ನ ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ನೆನಪು ಆ ಕಂಪ್ಯೂಟರಿಗಷ್ಟೇ ಸೀಮಿತ. ಮನೆಯಲ್ಲಿ ‘ಇ’ ಆಗಿದ್ದ ಡಿಸ್ಕ್ ಕಚೇರಿಯ ಕಂಪ್ಯೂಟರಿನಲ್ಲಿ ‘ಜಿ’ ಆಗುವುದು ಇದರಿಂದಲೇ.

ಗುರುತಿನ ಸಂಖ್ಯೆಗೂ ಒಂದು ಎಚ್ಚರಿಕೆ ಬೇಕು. ಡಿಸ್ಕನ್ನು ಬಿಟ್ ಬಿಟ್ಟಾಗಿ ನಕಲು ಮಾಡಿದರೆ ಸಂಖ್ಯೆಯೂ ನಕಲಾಗುತ್ತದೆ. ಮೂಲ ಮತ್ತು ನಕಲನ್ನು ಒಟ್ಟಿಗೆ ಸಿಕ್ಕಿಸಿದರೆ ಯಾವುದು ಯಾವುದೆಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಓದುವ ಮನುಷ್ಯರಿಗಾಗಿ ಇರುವುದು ಲೇಬಲ್. ಇದನ್ನು ನಾವೇ ಇಡಬಹುದು, ಕನ್ನಡದಲ್ಲೂ ಇಡಬಹುದು. ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ 32 ಅಕ್ಷರಸಂಕೇತಗಳವರೆಗೆ ಜಾಗ ಇದೆ. ಲಿನಕ್ಸಿನ ಇಎಕ್ಸ್‌ಟಿ4ನಲ್ಲಿ ಇರುವುದು 16 ಬೈಟ್ ಮಾತ್ರ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಬೇಕಾಗುವುದು ಮೂರು ಬೈಟ್. ‘ಚಿತ್ರ’ ಎಂಬಲ್ಲಿ ಚ, ಗುಡಿಸು, ತ, ವಿರಾಮ, ರ ಎಂದು ಐದು ಸಂಕೇತ, ಒಟ್ಟು 15 ಬೈಟ್. ಅದು ಹಿಡಿಸುತ್ತದೆ, ‘ಚಿತ್ರಗಳು’ ಹಿಡಿಸುವುದಿಲ್ಲ.

ಫಾರ್ಮ್ಯಾಟ್ ಬಟನ್ ಒತ್ತುವ ಮೊದಲು ಡಿಸ್ಕಿನ ಗಾತ್ರ, ಮಾದರಿ, ಲೇಬಲ್ ಮೂರನ್ನೂ ನೋಡಿ. 32 ಗಿಗಾಬೈಟಿನ ಪೆನ್‌ಡ್ರೈವ್ ಅಳಿಸಬೇಕಾದಲ್ಲಿ 1 ಟೆರಾಬೈಟ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಬೇಡದ ಡಿಸ್ಕುಗಳನ್ನು ಮೊದಲೇ ಕಳಚಿಡಿ. ಅಕ್ಷರ ಸರದಿಯಿಂದ ಬಂದದ್ದು, ಸರದಿ ಯಾವಾಗ ಬೇಕಾದರೂ ಬದಲಾದೀತು. ಅಳಿಸುವ ನಿರ್ಧಾರವನ್ನು ಆ ಒಂದು ಅಕ್ಷರದ ಮೇಲೆ ಬಿಡಬಾರದು.